ಹೃದಯದ ಇಂಧನ, ಕೈಜಾರುವ ಗಂಟೆಗಳು

ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕೆ ಅಂಟಿಕೊಂಡಿರುವ ಎಷ್‌ಬಾರ್ನ್ ಇಪ್ಪತ್ತು ಸಾವಿರ ಚಿಲ್ಲರೆ ಜನರ ಪಟ್ಟಣ. ಹೊರಗಿನವರು ಅದನ್ನು ಗುರುತಿಸುವುದು ಷೇರುಪೇಟೆ ನಡೆಸುವ ಡಾಯ್ಚ ಬೋರ್ಸ್ ಕಚೇರಿಯಿಂದ, ಇಲ್ಲವೇ ಮೇ 1ರಂದು ಅಲ್ಲಿಂದ ಹೊರಡುವ ಸೈಕಲ್ ರೇಸಿನಿಂದ. ಔಷಧದ ಲೋಕದಲ್ಲಿ ಆ ಊರಿಗೆ ಬೇರೆಯೇ ತೂಕವಿದೆ. ಜರ್ಮನ್ ಫಾರ್ಮಸಿಸ್ಟರ ಕೇಂದ್ರ ಪ್ರಯೋಗಾಲಯ ಇರುವುದು ಅಲ್ಲಿ. ವೈದ್ಯರ ಚೀಟಿ ನೋಡಿ ಅಂಗಡಿಯಲ್ಲೇ ಔಷಧ ಬೆರೆಸಿಕೊಡುವಾಗ ಆ ದೇಶದ ಫಾರ್ಮಸಿಸ್ಟರು ತೆರೆದು ನೋಡುವ ಸೂತ್ರಸಂಗ್ರಹ ಸಿದ್ಧವಾಗುವುದೂ ಅಲ್ಲೇ. ಔಷಧದ ಗುಣಮಟ್ಟದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ದೇಶದಲ್ಲೂ ಸೋಪು, ಶಾಂಪೂ ಮಾರುವ ಅಂಗಡಿಗಳ ಕಪಾಟಿನಲ್ಲಿ ಹೃದಯದ ಚಿತ್ರ ಹೊತ್ತ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಕೋ-ಎನ್‌ಜೈಮ್ ಕ್ಯೂ10 ಇರುತ್ತದೆ, ಕಾರ್ನಿಟಿನ್ ಇರುತ್ತದೆ, ಮೆಗ್ನೀಸಿಯಂ ಇರುತ್ತದೆ. ಹೃದಯದ ಸಹಜ ಕೆಲಸಕ್ಕೆ ನೆರವಾಗುತ್ತದೆ ಎಂಬ ಒಂದು ಸಾಲೂ ಇರುತ್ತದೆ. ಡಬ್ಬಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರೆ, ಆ ಸಾಲಿಗೆ ಆಧಾರ ಕ್ಯೂ10 ಅಲ್ಲ, ಜೊತೆಗೆ ಸೇರಿಸಿರುವ ಬಿ1 ಜೀವಸತ್ವ ಎಂಬುದು ಗೊತ್ತಾಗುತ್ತದೆ. ಐರೋಪ್ಯ ಒಕ್ಕೂಟದ ಕಾನೂನು ಆ ವಾಕ್ಯವನ್ನು ಬಿ1ಕ್ಕೆ ಒಪ್ಪಿದೆ. ಕ್ಯೂ10 ಪರವಾಗಿ ಬಂದ ಆರೋಗ್ಯದ ಹೇಳಿಕೆಗಳನ್ನು ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಪುರಾವೆ ಸಾಲದೆಂದು ತಳ್ಳಿಹಾಕಿದೆ.

ಈ ಡಬ್ಬಿಗಳ ಹಿಂದಿರುವ ಆಸೆ ಜರ್ಮನರದ್ದು ಮಾತ್ರವಲ್ಲ. ಹೃದಯಾಘಾತವಾಗಿ ಬದುಕುಳಿದವರ ಮನೆಯಲ್ಲಿ, ಅದು ಬೆಂಗಳೂರಿನಲ್ಲಿರಲಿ ಬೀದರಿನಲ್ಲಿರಲಿ, ಕೇಳಿಬರುವ ಪ್ರಶ್ನೆ ಒಂದೇ: ದುರ್ಬಲವಾದ ಹೃದಯಕ್ಕೆ ಶಕ್ತಿ ಕೊಡುವ ಔಷಧ ಏನಾದರೂ ಇದೆಯೇ? ವೈದ್ಯರ ಚೀಟಿಯಲ್ಲಿ ಟ್ರೈಮೆಟಾಜಿಡಿನ್, ರನೊಲಜಿನ್‌ನಂಥ ಮಾತ್ರೆಗಳು ಕಾಣಿಸಿಕೊಳ್ಳುವುದಕ್ಕೂ, ಮೆಡಿಕಲ್ ಶಾಪಿನಲ್ಲಿ ಕ್ಯೂ10 ಕ್ಯಾಪ್ಸೂಲ್ ಬಿಕರಿಯಾಗುವುದಕ್ಕೂ ಈ ಪ್ರಶ್ನೆಯೇ ಮೂಲ. ಪ್ರಶ್ನೆ ಸಹಜವಾದದ್ದು, ಅದರ ಹಿಂದಿನ ವಿಜ್ಞಾನವೂ ಪೊಳ್ಳಲ್ಲ. ರಕ್ತದ ಹರಿವು ಕಡಿಮೆಯಾದ ಹೃದಯವನ್ನು ಅದರ ಇಂಧನ ಬದಲಿಸಿ ಕಾಪಾಡಬಹುದು ಎಂಬ ವಿಚಾರಕ್ಕೆ ಅರವತ್ತು ವರ್ಷಗಳ ಗಂಭೀರ ಇತಿಹಾಸವಿದೆ. ಆದರೆ ಆ ಇತಿಹಾಸವನ್ನು ಪ್ರಾಮಾಣಿಕವಾಗಿ ಓದಿದರೆ ನಾವು ಈಗ ಮಾಡುತ್ತಿರುವುದು ತಿರುವುಮುರುವು ಎನ್ನದೆ ವಿಧಿಯಿಲ್ಲ. ಈ ಚಿಕಿತ್ಸೆಗೆ ಏನಾದರೂ ಬೆಲೆಯಿದ್ದರೆ ಅದು ರಕ್ತ ನಿಂತ ಮೊದಲ ಒಂದೆರಡು ಗಂಟೆಗಳಲ್ಲಿ. ನಾವೋ ಅದನ್ನು ಆಘಾತವಾಗಿ ತಿಂಗಳು, ವರ್ಷ ಕಳೆದ ಮೇಲೆ ಮಾತ್ರೆಯ ರೂಪದಲ್ಲಿ ನುಂಗಿಸುತ್ತಿದ್ದೇವೆ. ಆ ದುಡ್ಡು, ಆ ಗಮನ ಎರಡೂ ಮೊದಲ ಗಂಟೆಗಳ ಕಡೆಗೆ ತಿರುಗಬೇಕು ಎಂಬುದು ನನ್ನ ವಾದ.

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದಕ್ಕೆ ಬೇಕಾದ ಶಕ್ತಿಯ ಕಣವಾದ ಎಟಿಪಿಯನ್ನು ಕೂಡಿಟ್ಟುಕೊಳ್ಳುವ ಉಗ್ರಾಣ ಹೃದಯದಲ್ಲಿಲ್ಲ. ಇರುವುದು ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು. ಹಾಗಾಗಿ ಅದು ಪ್ರತಿ ಕ್ಷಣವೂ ದುಡಿದು ಉಣ್ಣಬೇಕು. ಆರೋಗ್ಯವಂತ ಹೃದಯ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಕೊಬ್ಬಿನಾಮ್ಲಗಳನ್ನು ಉರಿಸಿ ಪಡೆಯುತ್ತದೆ, ಉಳಿದದ್ದನ್ನು ಗ್ಲೂಕೋಸ್ ಮತ್ತು ಲ್ಯಾಕ್ಟೇಟ್‌ನಿಂದ. ಕೊಬ್ಬು ಹೆಚ್ಚು ಶಕ್ತಿ ಕೊಡುತ್ತದೆ ನಿಜ, ಆದರೆ ಆಮ್ಲಜನಕವನ್ನೂ ಹೆಚ್ಚು ಬೇಡುತ್ತದೆ. ಅಷ್ಟೇ ಆಮ್ಲಜನಕದಲ್ಲಿ ಗ್ಲೂಕೋಸ್ ಉರಿಸಿದರೆ ಶೇ 10ಕ್ಕಿಂತ ತುಸು ಹೆಚ್ಚು ಎಟಿಪಿ ಸಿಗುತ್ತದೆ. ರಕ್ತನಾಳ ಕಟ್ಟಿಕೊಂಡಾಗ ಆಗುವ ದುರಂತವೆಂದರೆ, ಆ ಹೊತ್ತಿನ ಭಯ ಮತ್ತು ನೋವಿಗೆ ದೇಹ ಅಡ್ರಿನಲಿನ್ ಸುರಿಸುತ್ತದೆ, ಅದರಿಂದ ರಕ್ತದಲ್ಲಿ ಕೊಬ್ಬಿನಾಮ್ಲಗಳು ತುಂಬಿಕೊಳ್ಳುತ್ತವೆ, ಅವು ಗ್ಲೂಕೋಸ್ ಪೂರ್ತಿಯಾಗಿ ಉರಿಯದಂತೆ ತಡೆಯುತ್ತವೆ. ಉಸಿರುಗಟ್ಟಿದ ಒಲೆಗೆ ಇನ್ನಷ್ಟು ಹಸಿ ಸೌದೆ ತುರುಕಿದಂತೆ. ಅರೆಬರೆ ಉರಿದ ಗ್ಲೂಕೋಸ್‌ನಿಂದ ಆಮ್ಲ ಶೇಖರವಾಗುತ್ತದೆ. ಆ ಆಮ್ಲವನ್ನು ಹೊರಹಾಕಲು ಜೀವಕೋಶ ಸೋಡಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆ ಸೋಡಿಯಂ ಅನ್ನು ಹೊರಹಾಕಲು ಕ್ಯಾಲ್ಸಿಯಂ ಅನ್ನು. ಕ್ಯಾಲ್ಸಿಯಂ ತುಂಬಿದ ಕೋಶ ಸೆಟೆದುಕೊಂಡು ಸಾಯುತ್ತದೆ. ವಿಚಿತ್ರವೆಂದರೆ ಈ ಸಾವಿನ ಒಂದು ಪಾಲು ನಡೆಯುವುದು ರಕ್ತ ಮರಳಿ ಹರಿದಾಗಲೇ. ಹಠಾತ್ತನೆ ಬಂದ ಆಮ್ಲಜನಕ, ಅಲ್ಲಿ ಶೇಖರವಾಗಿದ್ದ ಸಕ್ಸಿನೇಟ್ ಎಂಬ ವಸ್ತುವನ್ನು ಸುಟ್ಟು ಹಾನಿಕಾರಕ ಕಣಗಳನ್ನು ಹುಟ್ಟಿಸುತ್ತದೆ ಎಂದು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು.

ಹಾಗಾದರೆ ಆ ಗಳಿಗೆಯಲ್ಲಿ ಕೊಬ್ಬನ್ನು ತಗ್ಗಿಸಿ ಗ್ಲೂಕೋಸನ್ನು ಮುಂದೆ ಮಾಡಿದರೆ ಹೇಗೆ? ಮೆಕ್ಸಿಕೊದ ಹೃದಯತಜ್ಞ ಡೆಮೆಟ್ರಿಯೊ ಸೋಡಿ-ಪಯಾರೆಸ್ 1962ರಲ್ಲಿ ಮುಂದಿಟ್ಟದ್ದು ಇದನ್ನೇ. ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂ ಈ ಮೂರನ್ನು ಬೆರೆಸಿ ಡ್ರಿಪ್ ಹಾಕುವುದು. ಮೂರೂ ಎಲ್ಲ ಆಸ್ಪತ್ರೆಗಳಲ್ಲಿ ಇರುವಂಥವು, ಮೂರೂ ಅಗ್ಗ. ಜರ್ಮನಿಯಲ್ಲಿ ಇದೇ ಕಾಲದಲ್ಲಿ ಇನ್ನೊಂದು ವಾದ ಬಿರುಸಾಗಿ ನಡೆದಿತ್ತು. ಸ್ಟುಟ್‌ಗಾರ್ಟಿನ ವೈದ್ಯ ಬರ್ಟ್‌ಹೋಲ್ಡ್ ಕೆರ್ನ್ ಅವರ ಪ್ರಕಾರ ಹೃದಯಾಘಾತಕ್ಕೆ ಮೂಲ ರಕ್ತನಾಳದ ಹೆಪ್ಪಲ್ಲ, ಹೃದಯಸ್ನಾಯುವಿನೊಳಗೇ ಹುಟ್ಟುವ ಆಮ್ಲ. ಆಫ್ರಿಕಾದ ಬಾಣವಿಷದ ಸಸ್ಯದಿಂದ ಬಂದ ಸ್ಟ್ರೋಫಾಂಟಿನ್ ಅನ್ನು ಬಾಯಿಂದ ಕೊಟ್ಟರೆ ಅದನ್ನು ತಡೆಯಬಹುದು. 1971ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ದೇಶದ ಹಿರಿಯ ಹೃದ್ರೋಗ ತಜ್ಞರು ಅವರನ್ನು ಬಹಿರಂಗವಾಗಿ ಖಂಡಿಸಿದರು. ಸ್ಟ್ರೋಫಾಂಟಿನ್‌ನ ಸಿದ್ಧ ಮಾತ್ರೆಗಳು ಕಳೆದ ದಶಕದಲ್ಲಿ ಜರ್ಮನಿಯ ಮಾರುಕಟ್ಟೆಯಿಂದ ಮರೆಯಾದವು. ಆದರೂ ಬೇಕೆನ್ನುವವರಿಗೆ ಅದನ್ನು ಚೀಟಿಯ ಮೇಲೆ ಅಂಗಡಿಯಲ್ಲೇ ತಯಾರಿಸಿಕೊಡುವ ಫಾರ್ಮಸಿಗಳು ಈಗಲೂ ಅಲ್ಲಿವೆ. ಚಿಕ್ಕದೊಂದು ನಿಷ್ಠಾವಂತ ಬಳಗ ಆ ಔಷಧವನ್ನು ಇನ್ನೂ ಕೈಬಿಟ್ಟಿಲ್ಲ.

ಕೆರ್ನ್ ಅವರ ವಾದವನ್ನು ಮುಗಿಸಿದ್ದು ಖಂಡನೆಯಲ್ಲ, ಒಂದು ಎಣಿಕೆ. ಅಮೆರಿಕದ ಸ್ಪೊಕೇನ್ ನಗರದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಆಘಾತ ಶುರುವಾದ 4 ಗಂಟೆಯೊಳಗೆ ಬಂದ 126 ರೋಗಿಗಳ ಆಂಜಿಯೋಗ್ರಾಂ ಮಾಡಿದರು. 110 ಮಂದಿಯಲ್ಲಿ, ಅಂದರೆ ಶೇ 87ರಷ್ಟು ಜನರಲ್ಲಿ, ರಕ್ತನಾಳ ಪೂರ್ತಿ ಮುಚ್ಚಿತ್ತು. 1980ರಲ್ಲಿ ಪ್ರಕಟವಾದ ಆ ಫಲಿತಾಂಶ ಮೂಲ ಕಾರಣ ಹೆಪ್ಪೇ ಎಂದು ಸ್ಥಾಪಿಸಿತು. 1986ರಲ್ಲಿ ಇಟಲಿಯ ಜಿಸ್ಸಿ ಪ್ರಯೋಗ 11,000ಕ್ಕೂ ಹೆಚ್ಚು ರೋಗಿಗಳಲ್ಲಿ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೊಟ್ಟು ನೋಡಿತು. ಸಾವಿನ ಪ್ರಮಾಣ ಶೇ 13ರಿಂದ 10.7ಕ್ಕೆ ಇಳಿಯಿತು. ಮೊದಲ ಗಂಟೆಯಲ್ಲೇ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹೃದಯದ ಇಂಧನದ ಬಗ್ಗೆ ಮಾತಾಡುವವರೆಲ್ಲ ಮನನ ಮಾಡಬೇಕಾದ ಅಂಕಿ ಇದು. ಔಷಧ ಒಂದೇ, ಪ್ರಮಾಣ ಒಂದೇ, ವ್ಯತ್ಯಾಸ ತಂದದ್ದು ಗಡಿಯಾರ.

ಇಂಧನದ ಡ್ರಿಪ್ ಮಾತ್ರ ಅದರಿಂದ ಸಾಯಲಿಲ್ಲ. 1997ರಲ್ಲಿ ಹಳೆಯ 9 ಪ್ರಯೋಗಗಳ 1,932 ರೋಗಿಗಳ ಲೆಕ್ಕ ಕೂಡಿಸಿ ನೋಡಿದಾಗ ಅದು ಸಾವನ್ನು ಶೇ 28ರಷ್ಟು ಇಳಿಸಿದಂತೆ ಕಂಡಿತು. ಇಷ್ಟು ಅಗ್ಗದ ಚಿಕಿತ್ಸೆ ಇಷ್ಟು ಜೀವ ಉಳಿಸುವುದು ನಿಜವಾದರೆ ಬಡ ದೇಶಗಳ ಪಾಲಿಗೆ ಅದಕ್ಕಿಂತ ದೊಡ್ಡ ವರ ಇನ್ನೇನು? ಅದನ್ನು ಒರೆಗೆ ಹಚ್ಚುವ ಕೆಲಸದಲ್ಲಿ ಬೆಂಗಳೂರು ಮುಂದೆ ನಿಂತಿತು ಎಂಬುದು ಕನ್ನಡಿಗರಿಗೆ ಹೆಚ್ಚು ಗೊತ್ತಿಲ್ಲ. ಕ್ರಿಯೇಟ್-ಎಕ್ಲಾ ಎಂಬ ಆ ಪ್ರಯೋಗವನ್ನು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಮುನ್ನಡೆಸಿದವರಲ್ಲಿ ಒಬ್ಬರಾದ ಸಲೀಂ ಯೂಸುಫ್ ಓದಿದ್ದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಅದೇ ಸಂಸ್ಥೆಯ ಪ್ರೇಮ್ ಪೈಸ್ ಮತ್ತು ಡೆನಿಸ್ ಝೇವಿಯರ್ ಭಾರತದ ಭಾಗದ ಹೊಣೆ ಹೊತ್ತರು. ಭಾರತ, ಚೀನಾ, ಲ್ಯಾಟಿನ್ ಅಮೆರಿಕ ಸೇರಿದಂತೆ ಹಲವೆಡೆಯ 20,201 ರೋಗಿಗಳು ಅದರಲ್ಲಿ ಭಾಗಿಗಳಾದರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ, ಇನ್ನರ್ಧಕ್ಕೆ ಅದರ ಜೊತೆಗೆ 24 ಗಂಟೆ ಈ ಡ್ರಿಪ್: ಶೇ 25ರ ಗ್ಲೂಕೋಸ್ ದ್ರಾವಣದ ಪ್ರತಿ ಲೀಟರಿಗೆ 50 ಯುನಿಟ್ ಇನ್ಸುಲಿನ್, 80 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ. 2005ರ ಜನವರಿಯಲ್ಲಿ ಜಾಮಾ ಪತ್ರಿಕೆಯಲ್ಲಿ ಫಲಿತಾಂಶ ಬಂತು. 30 ದಿನಗಳಲ್ಲಿ ಸತ್ತವರು ಮಾಮೂಲಿ ಗುಂಪಿನಲ್ಲಿ ಶೇ 9.7, ಡ್ರಿಪ್ ಗುಂಪಿನಲ್ಲಿ ಶೇ 10.0. ಸಣ್ಣ ಸಣ್ಣ ಪ್ರಯೋಗಗಳು ಕೂಡಿ ಹುಟ್ಟಿಸಿದ್ದ ಆಸೆಯನ್ನು ಒಂದು ದೊಡ್ಡ ಪ್ರಯೋಗ ಇಳಿಸಿಬಿಟ್ಟಿತು.

ಪಶ್ಚಿಮದಲ್ಲಿ ನಡೆದ ಪ್ರಯೋಗ ನಮ್ಮ ದೇಹಪ್ರಕೃತಿಗೆ ಹೊಂದುವುದಿಲ್ಲ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಇಲ್ಲಿ ಆ ಮಾತಿಗೆ ಆಸ್ಪದವೇ ಇಲ್ಲ, ಮಂಚದ ಮೇಲೆ ಮಲಗಿದ್ದವರಲ್ಲಿ ನಮ್ಮವರೇ ಸಾವಿರಾರು ಜನ ಇದ್ದರು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆ ಡ್ರಿಪ್ ಬಹುಪಾಲು ರೋಗಿಗಳಿಗೆ ಸಿಕ್ಕಿದ್ದು ತಡವಾಗಿ, ರಕ್ತನಾಳ ತೆರೆಯುವ ಚಿಕಿತ್ಸೆ ಆದ ನಂತರ. ಕೋಶಗಳು ಸತ್ತ ಮೇಲೆ ಇಂಧನ ಕೊಟ್ಟು ಏನು ಫಲ, ಸೋತದ್ದು ಚಿಕಿತ್ಸೆಯಲ್ಲ, ಸಮಯ ಎಂಬುದು ಹೀಗೆ ಆಕ್ಷೇಪಿಸುವವರ ವಾದ. ಇದರಲ್ಲಿ ಹುರುಳಿದೆ. ಆದರೆ ಪೂರ್ತಿ ಒಪ್ಪಲಾಗದು. 2007ರಲ್ಲಿ ಇದೇ ತಂಡ ಇನ್ನೊಂದು ಪ್ರಯೋಗದ ಲೆಕ್ಕವನ್ನೂ ಸೇರಿಸಿ 22,943 ರೋಗಿಗಳ ಮಾಹಿತಿ ನೋಡಿದಾಗ, 4 ಗಂಟೆಯೊಳಗೆ ಡ್ರಿಪ್ ಸಿಕ್ಕವರಲ್ಲೂ ಲಾಭ ಕಾಣಲಿಲ್ಲ. ಮೊದಲ 3 ದಿನಗಳಲ್ಲಿ ಸ್ವಲ್ಪ ಹಾನಿಯ ಸುಳಿವೂ ಇತ್ತು. ರಕ್ತದಲ್ಲಿ ಸಕ್ಕರೆ ಏರುವುದು, ಪೊಟ್ಯಾಸಿಯಂ ಏರುವುದು, ದುರ್ಬಲ ಹೃದಯಕ್ಕೆ ಲೀಟರುಗಟ್ಟಲೆ ನೀರು ಸೇರುವುದು ಅದಕ್ಕೆ ಕಾರಣವಿರಬಹುದು ಎಂದು ಅವರು ಬರೆದರು. ಮಧುಮೇಹ ಮನೆಮನೆಯಲ್ಲೂ ಇರುವ ನಮ್ಮ ನಾಡಿನಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಆ ಪ್ರಯೋಗದ ಬಳಗ ನಮಗೆ ಬಿಟ್ಟುಹೋದ ಇನ್ನೊಂದು ಆಸ್ತಿ ನನ್ನ ದೃಷ್ಟಿಯಲ್ಲಿ ಡ್ರಿಪ್‌ಗಿಂತ ದೊಡ್ಡದು. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಬಂದ 20,468 ಹೃದಯಾಘಾತ ಹಾಗೂ ತೀವ್ರ ಎದೆನೋವಿನ ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಇಸಿಜಿಯಲ್ಲಿ ಸ್ಪಷ್ಟವಾಗಿ ಕಾಣುವ ದೊಡ್ಡ ಹೃದಯಾಘಾತವಾದವರು ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷ. ಆರು ಗಂಟೆ! ರಕ್ತ ನಿಂತ ಹೃದಯಸ್ನಾಯು ಒಳಪದರದಿಂದ ಹೊರಪದರದ ಕಡೆಗೆ ಅಲೆಯಂತೆ ಸಾಯುತ್ತಾ ಹೋಗುತ್ತದೆ, ಆರು ಗಂಟೆಯ ಹೊತ್ತಿಗೆ ಉಳಿಸಲು ಹೆಚ್ಚೇನೂ ಇರುವುದಿಲ್ಲ ಎಂದು ರೈಮರ್ ಮತ್ತು ಜೆನಿಂಗ್ಸ್ 1977ರಲ್ಲೇ ನಾಯಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಅಂದರೆ ನಮ್ಮ ಸಾಮಾನ್ಯ ರೋಗಿ ಆಸ್ಪತ್ರೆಯ ಬಾಗಿಲು ಮುಟ್ಟುವಾಗ ಕಾಪಾಡಬೇಕಾದ ಸ್ನಾಯುವಿನ ದೊಡ್ಡ ಪಾಲು ಕೈಬಿಟ್ಟುಹೋಗಿರುತ್ತದೆ. ಅದೇ ಅಧ್ಯಯನದಲ್ಲಿ 30 ದಿನಗಳೊಳಗೆ ಸತ್ತವರು ಬಡವರಲ್ಲಿ ಶೇ 8.2, ಶ್ರೀಮಂತರಲ್ಲಿ ಶೇ 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಮಾಯವಾಯಿತು. ಬಡವನ ಹೃದಯ ಬೇರೆ ಥರದ್ದಲ್ಲ, ಅವನಿಗೆ ಸಿಕ್ಕ ಚಿಕಿತ್ಸೆ ಕಡಿಮೆ, ಅಷ್ಟೇ.

ಈ 360 ನಿಮಿಷವನ್ನು ಎಷ್‌ಬಾರ್ನ್ ಇರುವ ಹೆಸ್ಸನ್ ರಾಜ್ಯದ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ 112ಕ್ಕೆ ಕರೆ ಹೋದರೆ 10 ನಿಮಿಷದಲ್ಲಿ ತುರ್ತು ವಾಹನ ಸ್ಥಳ ಮುಟ್ಟಬೇಕೆಂಬುದು ರಾಜ್ಯದ ನಿಯಮ. ಗಂಭೀರ ಪ್ರಕರಣವಾದರೆ ವಾಹನದೊಂದಿಗೆ ತುರ್ತು ವೈದ್ಯರೂ ಬರುತ್ತಾರೆ, ಇಸಿಜಿ ಮನೆಯಲ್ಲೇ ಆಗುತ್ತದೆ. ಪಕ್ಕದ ಫ್ರಾಂಕ್‌ಫರ್ಟಿನ ದೊಡ್ಡ ಆಸ್ಪತ್ರೆಗಳು ಕೂಗಳತೆಯ ದೂರದಲ್ಲಿವೆ. ಅಲ್ಲಿನ ಅಂಗಡಿಯ ಕ್ಯೂ10 ಡಬ್ಬಿ ಯಾರ ಹೃದಯವನ್ನೂ ಉಳಿಸದಿದ್ದರೂ ದೊಡ್ಡ ನಷ್ಟವಿಲ್ಲ, ಏಕೆಂದರೆ ಉಳಿಸುವ ಕೆಲಸವನ್ನು ಆ ವಾಹನ ಮಾಡುತ್ತಿದೆ. ಫ್ರಾಂಕ್‌ಫರ್ಟ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳು ರಜೆಗೆ ಊರಿಗೆ ಬರುವಾಗ ವಯಸ್ಸಾದ ತಂದೆತಾಯಿಗೆ ಅಂಥ ಡಬ್ಬಿ ತಂದರೆ ಅದು ಪ್ರೀತಿಯೇ, ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಆದರೆ ಆ ದೇಶದಿಂದ ತರಬೇಕಾದ ಹೃದಯರಕ್ಷಣೆ ಡಬ್ಬಿಯಲ್ಲಿ ಸಿಗುವಂಥದ್ದಲ್ಲ.

ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ, ಅದು ಹೃದಯದ ಇಂಧನ ಬದಲಿಸುವ ಈ ಚಯಾಪಚಯ ಚಿಕಿತ್ಸೆಯ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯವನ್ನು ಬೇಕೆಂದೇ ನಿಲ್ಲಿಸುತ್ತಾರೆ, ಅದಕ್ಕೆ ರಕ್ತ ಹೋಗದಂತೆ ಮಹಾಧಮನಿಗೆ ಕ್ಲಾಂಪ್ ಹಾಕುತ್ತಾರೆ. ಗಂಟೆಗಟ್ಟಲೆ ರಕ್ತವಿಲ್ಲದೆ ಇದ್ದ ಹೃದಯ ಕೊನೆಗೆ ಮತ್ತೆ ಬಡಿಯುತ್ತದೆ. ಗ್ಯೊಟಿಂಗನ್‌ನ ಹಾನ್ಸ್ ಯ್ಯುರ್ಗನ್ ಬ್ರೆಟ್‌ಷ್ನೈಡರ್ ಅದಕ್ಕಾಗಿ ರೂಪಿಸಿದ ದ್ರಾವಣ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ; ಅದನ್ನು ತಯಾರಿಸುವ ಕಂಪನಿ ಇರುವುದು ಹೆಸ್ಸನ್‌ನದೇ ಬೆನ್ಸ್‌ಹೈಮ್‌ನಲ್ಲಿ. ಅದರಲ್ಲಿ ಸೋಡಿಯಂ ತೀರಾ ಕಡಿಮೆ, ಕ್ಯಾಲ್ಸಿಯಂ ಹೆಸರಿಗಷ್ಟೇ. ಹೀಗಾಗಿ ಬಡಿತ ನಿಲ್ಲುತ್ತದೆ, ಶಕ್ತಿಯ ಖರ್ಚು ಇಳಿಯುತ್ತದೆ. ಹಿಸ್ಟಿಡಿನ್ ಧಾರಾಳವಾಗಿದೆ, ಅದು ಹುಟ್ಟುವ ಆಮ್ಲವನ್ನು ಹೀರಿಕೊಳ್ಳುತ್ತದೆ. ಕೀಟೊಗ್ಲುಟರೇಟ್ ಇಂಧನದ ಚಕ್ರಕ್ಕೆ ಕಚ್ಚಾವಸ್ತು, ಟ್ರಿಪ್ಟೊಫಾನ್ ಕೋಶದ ಪೊರೆಗೆ ಆಸರೆ. ತಣ್ಣಗಿನ ಈ ದ್ರಾವಣವನ್ನು ಹೃದಯದ ರಕ್ತನಾಳಗಳಿಗೆ ಹರಿಸಿದರೆ ಶಸ್ತ್ರಚಿಕಿತ್ಸಕನಿಗೆ ಬೇಕಾದ ಹೊತ್ತು ಸಿಗುತ್ತದೆ. ಹೃದಯದ ಚಯಾಪಚಯವನ್ನು ಬದಲಿಸಿ ಅದನ್ನು ಕಾಪಾಡಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ರುಜುವಾತು ಬೇಡ. ಇಲ್ಲಿ ಗೆಲುವು ಸಿಕ್ಕಿದ್ದಕ್ಕೆ ಕಾರಣ ರಕ್ಷಣೆ ಮೊದಲು ಬಂತು, ಹಾನಿ ಆಮೇಲೆ. ಬೀದಿಯಲ್ಲಿ, ಹೊಲದಲ್ಲಿ, ಮಲಗುವ ಕೋಣೆಯಲ್ಲಿ ಬರುವ ಹೃದಯಾಘಾತ ಈ ಅವಕಾಶ ಕೊಡುವುದಿಲ್ಲ.

ಕೊಡದಿದ್ದರೂ ಆದಷ್ಟು ಹತ್ತಿರ ಹೋಗಬಹುದೇ ಎಂದು ಕೇಳಿದವರು ಬಾಸ್ಟನ್ನಿನ ಹ್ಯಾರಿ ಸೆಲ್ಕರ್. ಅದೇ ಗ್ಲೂಕೋಸ್-ಇನ್ಸುಲಿನ್-ಪೊಟ್ಯಾಸಿಯಂ ಡ್ರಿಪ್ ಅನ್ನು ಅವರ ತಂಡ ಅಮೆರಿಕದ 13 ನಗರಗಳಲ್ಲಿ ಆಂಬುಲೆನ್ಸ್‌ನಲ್ಲೇ ಶುರುಮಾಡಿತು, ನೋವು ಆರಂಭವಾದ ಸುಮಾರು 90 ನಿಮಿಷಕ್ಕೆ. 2012ರಲ್ಲಿ ಬಂದ ಫಲಿತಾಂಶದಲ್ಲಿ ಅವರು ಮುಖ್ಯವಾಗಿ ಹುಡುಕಿದ್ದ ಲಾಭ, ಅಂದರೆ ಎದೆನೋವು ಪೂರ್ಣ ಹೃದಯಾಘಾತವಾಗಿ ಬೆಳೆಯುವುದನ್ನು ತಡೆಯುವುದು, ಸಿಗಲಿಲ್ಲ. ಆದರೆ ಹೃದಯಸ್ತಂಭನ ಅಥವಾ ಆಸ್ಪತ್ರೆಯಲ್ಲಿ ಸಾವು, ಇವೆರಡನ್ನು ಕೂಡಿ ಲೆಕ್ಕ ಹಾಕಿದಾಗ ಡ್ರಿಪ್ ಸಿಕ್ಕವರಲ್ಲಿ ಶೇ 4.4, ಸಿಗದವರಲ್ಲಿ ಶೇ 8.7 ಇತ್ತು. ಚಿಕ್ಕ ಗುಂಪೊಂದರಲ್ಲಿ ಅಳೆದಾಗ ಸತ್ತ ಸ್ನಾಯುವಿನ ಪ್ರಮಾಣವೂ ಕಡಿಮೆಯಿತ್ತು. ಮುಖ್ಯ ಗುರಿಯಲ್ಲಿ ಸೋತ ಪ್ರಯೋಗದ ಉಪಫಲಿತಾಂಶಗಳನ್ನು ಗೆಲುವೆಂದು ಸಾರುವುದು ಸಲ್ಲದು. ಒಟ್ಟು 911 ಜನರ ಪ್ರಯೋಗ 20,000 ಜನರದ್ದನ್ನು ಅಳಿಸಿಹಾಕಲಾರದು. ಮತ್ತೊಂದು ಸಲ, ಸರಿಯಾದ ಹೊತ್ತಿನಲ್ಲಿ, ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಯೋಗ್ಯವಾದ ಸುಳಿವು ಎನ್ನುವಷ್ಟು ಮಾತ್ರ ನಾನು ಅದಕ್ಕೆ ಬೆಲೆ ಕೊಡುತ್ತೇನೆ.

ಇನ್ನು ಮಾತ್ರೆಗಳ ಕಡೆಗೆ ಬಂದರೆ ಇಷ್ಟು ಅನುಮಾನಕ್ಕೂ ಜಾಗವಿಲ್ಲ. ಟ್ರೈಮೆಟಾಜಿಡಿನ್ ಹೃದಯ ಕೊಬ್ಬು ಉರಿಸುವುದನ್ನು ತಗ್ಗಿಸುತ್ತದೆ, ತತ್ವ ಅದೇ. 2000ದಲ್ಲಿ ಪ್ರಕಟವಾದ ಎಮಿಪ್-ಎಫ್ಆರ್ ಪ್ರಯೋಗದಲ್ಲಿ ಅದನ್ನು ಹೃದಯಾಘಾತದ ಹೊತ್ತಿನಲ್ಲೇ ರಕ್ತನಾಳಕ್ಕೆ ಕೊಟ್ಟು 19,725 ರೋಗಿಗಳನ್ನು ಗಮನಿಸಿದರು, ಒಟ್ಟಾರೆ ಸಾವು ಇಳಿಯಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ವರ್ಷಗಟ್ಟಲೆ ನುಂಗಿದರೆ ಲಾಭವಿದೆಯೇ ಎಂಬುದನ್ನು 27 ದೇಶಗಳ 6,007 ರೋಗಿಗಳಲ್ಲಿ ಸುಮಾರು 4 ವರ್ಷ ನೋಡಿದ ಎಟಿಪಿಸಿಐ ಪ್ರಯೋಗ 2020ರಲ್ಲಿ ಉತ್ತರ ಕೊಟ್ಟಿತು: ಇಲ್ಲ. ಸಾವಾಗಲಿ, ಮತ್ತೆ ಆಸ್ಪತ್ರೆ ಸೇರುವುದಾಗಲಿ, ಎದೆನೋವು ಮರುಕಳಿಸುವುದಾಗಲಿ ಕಡಿಮೆಯಾಗಲಿಲ್ಲ. ರನೊಲಜಿನ್ ಕೂಡ 2007ರ ಮರ್ಲಿನ್ ಪ್ರಯೋಗದ 6,560 ರೋಗಿಗಳಲ್ಲಿ ಸಾವು ಮತ್ತು ಹೃದಯಾಘಾತವನ್ನು ತಡೆಯಲಿಲ್ಲ. ಹೊಸ ತಲೆಮಾರಿನ ಎಂಪಾಗ್ಲಿಫ್ಲೋಜಿನ್ ಹೃದಯ ವೈಫಲ್ಯದಲ್ಲಿ ಹೆಸರು ಮಾಡಿದ ಒಳ್ಳೆಯ ಔಷಧ. ಆದರೆ ಹೃದಯಾಘಾತದ ಬೆನ್ನಲ್ಲೇ ಕೊಟ್ಟಾಗ 2024ರ ಎಂಪ್ಯಾಕ್ಟ್-ಎಂಐ ಪ್ರಯೋಗದಲ್ಲಿ ಅದೂ ಮುಖ್ಯ ಗುರಿ ಮುಟ್ಟಲಿಲ್ಲ.

ಈ ಮಾತಿಗೆ ಅನುಭವಿ ವೈದ್ಯರ ಉತ್ತರ ಇರುತ್ತದೆ, ಅದನ್ನು ಕೇಳಲೇಬೇಕು. ಮಾತ್ರೆಯಿಂದ ರೋಗಿಗೆ ಎದೆನೋವು ಕಡಿಮೆಯಾಗುತ್ತದೆ, ಮೆಟ್ಟಿಲು ಹತ್ತಲು ಆಗುತ್ತದೆ, ಬೇರೆ ಔಷಧಗಳಂತೆ ರಕ್ತದೊತ್ತಡ ಬೀಳಿಸುವುದಿಲ್ಲ. ಲಾಭ ಇಲ್ಲದಿದ್ದರೂ ನಷ್ಟವಿಲ್ಲ ಎನ್ನುತ್ತಾರೆ. ಮೊದಲ ಭಾಗವನ್ನು ಒಪ್ಪುತ್ತೇನೆ. ಬೇರೆ ಔಷಧಗಳಿಂದ ಹಿಡಿತಕ್ಕೆ ಬಾರದ ಎದೆನೋವಿಗೆ ಹೆಚ್ಚುವರಿಯಾಗಿ ಕೊಡುವುದಕ್ಕೆ ಆಧಾರವಿದೆ, ಐರೋಪ್ಯ ಔಷಧ ಸಂಸ್ಥೆ 2012ರಲ್ಲಿ ಟ್ರೈಮೆಟಾಜಿಡಿನ್‌ಗೆ ಉಳಿಸಿದ ಬಳಕೆ ಅದೊಂದೇ. ನಷ್ಟವಿಲ್ಲ ಎಂಬ ಎರಡನೆಯ ಭಾಗವನ್ನು ಒಪ್ಪಲಾರೆ. ಅದೇ ಸಂಸ್ಥೆ ಅದೇ ವರ್ಷ ಕೈನಡುಕ, ನಡಿಗೆಯ ತೊಡಕು ಮುಂತಾದ ಪಾರ್ಕಿನ್ಸನ್ ಲಕ್ಷಣಗಳ ಬಗ್ಗೆ ಎಚ್ಚರಿಸಿ, ಆ ಕಾಯಿಲೆ ಇರುವವರಿಗೂ ಕಿಡ್ನಿ ತೀರಾ ಕೆಟ್ಟವರಿಗೂ ಅದನ್ನು ಕೊಡಕೂಡದೆಂದಿತು. ನಡುಕ ಬಂದ ಎಪ್ಪತ್ತರ ಅಜ್ಜನಿಗೆ ವಯಸ್ಸಾಯಿತು ಎಂದು ಮನೆಯವರು ಸುಮ್ಮನಾಗುವ ನಾಡಿನಲ್ಲಿ ಅದು ಮಾತ್ರೆಯಿಂದ ಬಂದದ್ದೆಂದು ಯಾರಿಗೆ ಹೊಳೆಯಬೇಕು? ಹಣದ ನಷ್ಟವೂ ನಷ್ಟವೇ. ತಿಂಗಳ ಕೊನೆಗೆ ಕೈ ಬಿಗಿಯಾದಾಗ ಮನೆಯವರು ಚೀಟಿಯಲ್ಲಿ ಯಾವುದನ್ನು ಬಿಡುತ್ತಾರೆ ಎಂಬುದಕ್ಕೆ ನಿಯಮವಿಲ್ಲ. ಜೀವ ಉಳಿಸುವ ಆಸ್ಪಿರಿನ್, ಸ್ಟ್ಯಾಟಿನ್ ಬಿಟ್ಟು ಶಕ್ತಿಯ ಮಾತ್ರೆ ಉಳಿಸಿಕೊಳ್ಳುವುದೂ ಉಂಟು, ಏಕೆಂದರೆ ಅದರ ಹೆಸರಲ್ಲೇ ಭರವಸೆಯಿದೆ. ಆಘಾತದ ನಂತರ ಹೃದಯದ ಪಂಪ್ ಶಕ್ತಿಯನ್ನು ಕಾಪಾಡುವುದು ಸಾಬೀತಾಗಿರುವ ಔಷಧಗಳು ಹೆಚ್ಚಿನವು ಹಳೆಯವು, ಅಗ್ಗದವು. ಚೀಟಿ ಉದ್ದವಾದಷ್ಟೂ ಅವು ಅದರಲ್ಲಿ ಕಳೆದುಹೋಗುತ್ತವೆ.

ಕರ್ನಾಟಕದಲ್ಲಿ ಈ ಮಾತಿಗೆ ಈಗ ಹೆಚ್ಚಿನ ಅರ್ಥವಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ನಾಡು ಹೃದಯಾಘಾತದ ಬಗ್ಗೆ ಹಿಂದೆಂದೂ ಇಲ್ಲದಷ್ಟು ಮಾತಾಡಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗೆ ಎದೆನೋವೆಂದು ಬಂದವರ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತದೆ. ದೇಹದ ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಇಂಜೆಕ್ಷನ್ ಅದು, ದೊಡ್ಡ ಯಂತ್ರೋಪಕರಣ ಬೇಡುವುದಿಲ್ಲ. 2025ರಲ್ಲಿ ಹಾಸನ ಜಿಲ್ಲೆಯ ಸರಣಿ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಬೆಂಗಳೂರು, ಮೈಸೂರಿನ ಜಯದೇವದ ಮುಂದೆ ತಪಾಸಣೆಗೆ ಬಂದವರ ಸಾಲು ಬೀದಿಗೆ ಬಂತು. ಆರೋಗ್ಯವಂತರು ಭಯಪಟ್ಟು ಸಾಲು ನಿಂತರು. ಆದರೆ ಎದೆ ಹಿಡಿದುಕೊಂಡವರು ಗ್ಯಾಸ್ಟ್ರಿಕ್ ಇರಬೇಕು ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯುವುದು ಇನ್ನೂ ನಿಂತಿಲ್ಲ. ರಾಜ್ಯದ ಮುಂದಿರುವ ನಿಜವಾದ ಹೃದಯರಕ್ಷಣೆಯ ಕೆಲಸ ಆ ಕಾಯುವಿಕೆಯನ್ನು ಮುರಿಯುವುದು. ಅದಕ್ಕೆ ಬೇಕಾದ ಹಣ ಶಕ್ತಿಯ ಮಾತ್ರೆಗೆ ಹೋಗುವ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಕೊನೆಯ ಆಕ್ಷೇಪ ಸಹಾನುಭೂತಿಯಿಂದ ಬರುವಂಥದ್ದು. ಎಷ್‌ಬಾರ್ನ್‌ನ ವೇಗ ನಮ್ಮ ಹಳ್ಳಿಗಳಿಗೆ ಇನ್ನು ಎಷ್ಟೋ ವರ್ಷ ಬರುವುದಿಲ್ಲ. ಹಾಗಿರುವಾಗ ಅಗ್ಗದ ಡ್ರಿಪ್ ಅನ್ನಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಈಗಲೇ ಶುರುಮಾಡಬಾರದೇ? ಬಡವರಿಗೆ ಅಷ್ಟಾದರೂ ಸಿಗಲಿ ಎಂಬ ಕಳಕಳಿ ಅರ್ಥವಾಗುತ್ತದೆ. ಆದರೆ ಪುರಾವೆಯಿಲ್ಲದ ಚಿಕಿತ್ಸೆಯನ್ನು ಬಡವರಿಗೆಂದು ಮೀಸಲಿಡುವುದು ನ್ಯಾಯವಲ್ಲ. ಗಂಟೆಗೊಮ್ಮೆ ಸಕ್ಕರೆ ನೋಡಬೇಕಾದ, ಪೊಟ್ಯಾಸಿಯಂ ಏರದಂತೆ ಕಾಯಬೇಕಾದ ಇನ್ಸುಲಿನ್ ಡ್ರಿಪ್ ಅನ್ನು ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇರುವ ವಾರ್ಡಿಗೆ ಹೊರಿಸುವುದು ಅಪಾಯಕಾರಿ. ಅದರ ಗಡಿಬಿಡಿಯಲ್ಲಿ ಟೆನೆಕ್ಟೆಪ್ಲೇಸ್ ಹತ್ತು ನಿಮಿಷ ತಡವಾದರೂ ಕಳೆದುಕೊಳ್ಳುವುದೇ ಹೆಚ್ಚು. ಹಾಗಾಗಿ ದಾರಿ ಇರುವುದು ಪರೀಕ್ಷೆಯಲ್ಲಿ, ಬಳಕೆಯಲ್ಲಲ್ಲ.

ಆ ಪರೀಕ್ಷೆಗೆ ಕರ್ನಾಟಕದಷ್ಟು ತಕ್ಕ ಜಾಗ ಬೇರೆ ಕಾಣುವುದಿಲ್ಲ. ತಾಲ್ಲೂಕಿನಿಂದ ತಜ್ಞರವರೆಗೆ ಇಸಿಜಿ ಹರಿಯುವ ಜಾಲ ಇಲ್ಲಿದೆ. ಇದೇ ಡ್ರಿಪ್ ಅನ್ನು ಸಾವಿರಾರು ಜನರಲ್ಲಿ ಪರೀಕ್ಷಿಸಿ, ಬಂದ ನಿರಾಸೆಯ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ ಸಂಶೋಧಕರ ಪರಂಪರೆ ಸೇಂಟ್ ಜಾನ್ಸ್‌ನಲ್ಲಿದೆ. ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂಗೆ ಪೇಟೆಂಟ್ ಇಲ್ಲ, ಆದ್ದರಿಂದ ಯಾವ ಕಂಪನಿಯೂ ಇದಕ್ಕೆ ದುಡ್ಡು ಸುರಿಯುವುದಿಲ್ಲ. ಸರ್ಕಾರವೇ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಮುಂದೆ ಬರಬೇಕು. ನೋವು ಶುರುವಾಗಿ 3 ಗಂಟೆಯೊಳಗೆ ಬಂದವರನ್ನು ಮಾತ್ರ ಸೇರಿಸಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಎರಡೂ ಗುಂಪಿಗೆ ಮೊದಲು, ಒಂದು ನಿಮಿಷವೂ ತಡವಿಲ್ಲದೆ ಸಿಗಬೇಕು; ಒಂದು ಗುಂಪಿಗೆ ಮಾತ್ರ ಇನ್ನೊಂದು ಕೈಗೆ ಅದೇ ಹೊತ್ತಿನಲ್ಲಿ ಡ್ರಿಪ್. ಅದನ್ನು ನೋಡಿಕೊಳ್ಳುವ ಹೆಚ್ಚುವರಿ ನರ್ಸಿನ ಸಂಬಳ ಪ್ರಯೋಗದ ಬಜೆಟ್ಟಿನಿಂದಲೇ ಬರಬೇಕು. ಒಪ್ಪಿಗೆಯ ಕಾಗದ ಕನ್ನಡದಲ್ಲಿ, ಗಾಬರಿಯಲ್ಲಿರುವ ಹೆಂಡತಿಗೂ ಮಗನಿಗೂ ಎರಡು ನಿಮಿಷದಲ್ಲಿ ಅರ್ಥವಾಗುವ ಮಾತಿನಲ್ಲಿ ಇರಬೇಕು. ಕಲಬುರ್ಗಿಯ ಕಡೆ ಉರ್ದುವಿನಲ್ಲೂ ಗಡಿ ತಾಲ್ಲೂಕುಗಳಲ್ಲಿ ಮರಾಠಿ, ತೆಲುಗಿನಲ್ಲೂ. ಎಣಿಸಬೇಕಾದದ್ದು 30 ದಿನಗಳ ಸಾವನ್ನು ಮತ್ತು ಮೂರು ತಿಂಗಳ ನಂತರ ಎಕೋದಲ್ಲಿ ಕಾಣುವ ಪಂಪ್ ಶಕ್ತಿಯನ್ನು. ಫಲಿತಾಂಶ ಬರುವವರೆಗೆ ಎದೆನೋವು ಹಿಡಿತಕ್ಕೆ ಬಾರದವರನ್ನು ಬಿಟ್ಟು ಉಳಿದವರ ಚೀಟಿಯಿಂದ ಶಕ್ತಿಯ ಮಾತ್ರೆಗಳನ್ನು ತೆಗೆಯಬಹುದು. ಅದಕ್ಕೆ ಹೊಸ ಪ್ರಯೋಗ ಬೇಕಿಲ್ಲ, ಮುಂದಿನ ಸಲ ಚೀಟಿ ಬರೆಯುವ ವೈದ್ಯರು ಒಂದು ಸಾಲು ಹೊಡೆದುಹಾಕಿದರೆ ಸಾಕು.